ಸಹಾಯ ಬೇಕು: ಗದಗದ ನಮ್ಮ ಕೂಟವನ್ನು ನೋಂದಾಯಿಸಬೇಕಾ?

ಗದಗ-ಬೆಟಗೇರಿಯಲ್ಲಿ ನಾವು ಆರು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ತಬಲಾ, ಚಿತ್ರ, ಕಥೆ. ಒಬ್ಬರು ಮಗ್ಗದ ಸೀರೆಗೆ ಡಿಸೈನ್ ಬರೆಯುತ್ತಾರೆ. ವೀರೇಶ್ವರ ಪುಣ್ಯಾಶ್ರಮ ಇರುವ ಊರು, ಸಂಗೀತಕ್ಕೇನೂ ಕೊರತೆಯಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಕೂರಲು ಒಂದು ಕೋಣೆ ಸಿಗುತ್ತಿಲ್ಲ! ಕೇಳಿದರೆ ‘ಹುಬ್ಬಳ್ಳಿಗೆ ಹೋಗ್ರಿ’ ಅಂತಾರೆ.

ಗೆಳೆಯನ ಮನೆಯ ಮಾಳಿಗೆ ಮೇಲೆ ಕೂತೆವು, ಮಳೆ ಬಂತು. ಒಂದು ಕಾಲೇಜಿನವರು ಎರಡು ಸಲ ಜಾಗ ಕೊಟ್ಟು, ಆಮೇಲೆ ‘ನೋಂದಣಿ ಪತ್ರ ತನ್ನಿ’ ಅಂದರು. 1960ರ ಸಂಘಗಳ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು. ಏಳನೆಯವರು ಸುಮ್ನೆ ಹೆಸರಿಗಷ್ಟೇ ಸಿಗ್ತಾರೆ. ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ ಬೇರೆ.

ಸಣ್ಣ ಊರಲ್ಲಿ ಕೂಟ ನಡೆಸುವವರೇ, ನೋಂದಣಿ ಇಲ್ಲದೆ ಜಾಗ ಹೇಗೆ ಹೊಂದಿಸಿದಿರಿ? ಇಲ್ಲಾ, ನೋಂದಣಿ ಮಾಡಿಸುವುದೇ ಒಳ್ಳೆಯದಾ?