ಐನ್‌ಮನೆ ಬಾತ್‌ರೂಮಿನ ಮಣ್ಣಿನ ಗೋಡೆಗೆ ತೇವ ಏರ್ತಿದೆ, ಒಡೆದು ಟೈಲ್ಸ್ ಹಾಕಿಸೋದಾ?

ಪ್ರಶ್ನೆ: ನಾಪೋಕ್ಲು ಮನೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಒಕ್ಕದ (ಕುಲದ) ಐನ್‌ಮನೆ, ಅಂದ್ರೆ ಹಿರಿಯರ ಕಾಲದ ಕುಟುಂಬದ ಮನೆ. ಈಗ ವರ್ಷಪೂರ್ತಿ ಇಲ್ಲಿರೋದು ನಾನು, ಯಜಮಾನರು, ಅತ್ತೆ ಮೂವರೇ. ನಡುವೆ ಅಂಗಳ ಬಿಟ್ಟು ಕಟ್ಟಿದ ಮನೆ, ಎರಡಡಿ ದಪ್ಪದ ಮಣ್ಣಿನ ಗೋಡೆ, ಬೀಟೆ ಮತ್ತು ಹಲಸಿನ ಮರ, ಮಂಗಳೂರು ಹೆಂಚು. ಹಳೇ ಬಚ್ಚಲುಮನೆ ಹಿತ್ತಲಲ್ಲಿ ಬೇರೆಯಾಗಿದೆ. ಸೌದೆ ಒಲೆ, ತಾಮ್ರದ ಹಂಡೆ ಇವತ್ತಿಗೂ ಬಳಕೆಯಲ್ಲಿವೆ.

1980ರ ಸುಮಾರಿಗೆ ಮಾವನವರು ಅಡುಗೆಮನೆ ಪಕ್ಕದ ಉಗ್ರಾಣವನ್ನೇ ಬಾತ್‌ರೂಮ್ ಮಾಡಿಸಿದ್ರು. ಗೋಡೆ ಕೊರೆದು ಜಿಐ ಪೈಪ್ (ಸತು ಲೇಪದ ಕಬ್ಬಿಣದ ಪೈಪ್) ಒಳಗೆ ಇಳಿಸಿ ಮೇಲೆ ಸಿಮೆಂಟ್ ಗಾರೆ ಹಾಕಿದ್ದಾರೆ. ಈಗ ಆ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ತೇವ ಏರಿದೆ. ಗಾರೆ ಉಬ್ಬಿಕೊಂಡಿದೆ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಆಚೆ ಬದಿಯಲ್ಲಿ, ನೆಲ್ಲಕ್ಕಿ ನಡುಬಾಡೆಗೆ (ದೀಪ ಇಡೋ ನಡುಮನೆಗೆ) ಹೋಗುವ ಕಡೆ, ಬಿಳಿ ಉಪ್ಪು ಹತ್ತಿಯ ಹಾಗೆ ಎದ್ದಿದೆ. ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಗತ್ತೆ. ಬೆಳಿಗ್ಗೆ ಮೊದಲು ನಲ್ಲಿ ತಿರುಗಿಸಿದಾಗ ಕೆಂಪು ನೀರು.

ನೀರು ಬರೋದು ಮೇಲಿನ ತೋಟದ ಒರತೆಯಿಂದ, ಕರಿ ಪೈಪಲ್ಲಿ ನೇರವಾಗಿ. ಮೋಟರೂ ಇಲ್ಲ, ಮನೆ ಹತ್ತಿರ ಟ್ಯಾಂಕೂ ಇಲ್ಲ.

ಪೇಟೆಯಿಂದ ಬಂದ ಕಂಟ್ರಾಕ್ಟರ್ ಒಬ್ಬರು ಗಾರೆ ಪೂರ್ತಿ ಕಿತ್ತು, ಗೋಡೆ ಒಳಗೇ ಸಿಪಿವಿಸಿ (ಬಿಸಿನೀರಿಗೂ ಆಗೋ ಪ್ಲಾಸ್ಟಿಕ್) ಪೈಪ್ ಹಾಕಿ, ಸೂರಿನವರೆಗೂ ಟೈಲ್ಸ್ ಹೊಡೆಯೋಣ, ಕೆಮಿಕಲ್ ಹಚ್ಚಿದರೆ ತೇವ ನಿಲ್ಲತ್ತೆ ಅಂತಾರೆ. ನನಗೆ ಧೈರ್ಯ ಸಾಲ್ತಿಲ್ಲ. ಹಾಗಂತ ಬಿಡೋ ಹಾಗೂ ಇಲ್ಲ. ಅತ್ತೆಗೆ ಮಂಡಿನೋವು, ರಾತ್ರಿ ಮಳೆಯಲ್ಲಿ ಹಿತ್ತಲ ಬಚ್ಚಲಿಗೆ ಕಳಿಸೋಕಾಗಲ್ಲ. ಗೋಡೆಯೂ ಉಳೀಬೇಕು, ಅವರಿಗೂ ಅನುಕೂಲ ಆಗಬೇಕು. ಪುತ್ತರಿ ಸುಗ್ಗಿ ಹಬ್ಬಕ್ಕೆ ಒಕ್ಕದವರೆಲ್ಲ ಸೇರ್ತಾರೆ, ಅಷ್ಟರೊಳಗೆ ಒಂದು ತೀರ್ಮಾನಕ್ಕೆ ಬರಬೇಕು. ಹಳೇ ಮನೆಗಳಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ವಿರಾಜಪೇಟೆ ಪ್ಲಂಬರ್

ಅಕ್ಕಾ, ಟೈಲ್ಸ್ ಮಾತು ಸದ್ಯಕ್ಕೆ ಬೇಡ. ಕಂಟ್ರಾಕ್ಟರಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದ್ಕೋತೀನಿ. ನಾನು ಈ ಜಿಲ್ಲೆಯ ಹಳೇ ಮನೆಗಳಲ್ಲೇ ಕೆಲಸ ಮಾಡ್ಕೊಂಡು ಬಂದವನು. ಮಣ್ಣಿನ ಗೋಡೆ ಒಳಗೆ ನೀರಿನ ಪೈಪ್ ಇರಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪೈಪ್ ಜಿಐ ಆಗಲಿ ಸಿಪಿವಿಸಿ ಆಗಲಿ, ಒಂದಲ್ಲ ಒಂದು ದಿನ ಜಾಯಿಂಟ್ ಬಿಡತ್ತೆ. ಇಟ್ಟಿಗೆ ಗೋಡೆಯಾದರೆ ಕಲೆ ಬೀಳತ್ತೆ, ಮಣ್ಣಿನ ಗೋಡೆ ಒಳಗೊಳಗೇ ಕೆಸರಾಗತ್ತೆ. ಟೈಲ್ಸ್ ಮುಚ್ಚಿದ್ದರೆ ಅದು ಕಣ್ಣಿಗೂ ಬೀಳಲ್ಲ.

ನಿಮ್ಮ ಬರಹದಲ್ಲಿ ನನಗೆ ಮೊದಲು ಕಂಡಿದ್ದು ಒರತೆಯ ಮಾತು. ಒರತೆ ಮನೆಗಿಂತ ಎಷ್ಟು ಎತ್ತರದಲ್ಲಿದೆ? 10 ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಪ್ರೆಶರ್ (ಚದರ ಸೆಂ.ಮೀ.ಗೆ) ಲೆಕ್ಕ. 50 ಮೀಟರ್ ಮೇಲಿದ್ದರೆ ಐದು ಕೆ.ಜಿ. ಹಗಲು ನಲ್ಲಿ ಬಿಟ್ಟಾಗ ಅದು ಇಳಿದಿರತ್ತೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೆ ಅಷ್ಟೂ ಒತ್ತಡ ಬೆಳಗಿನವರೆಗೆ ಆ ಹಳೇ ಪೈಪಿನ ಮೇಲೇ ಕೂತಿರತ್ತೆ. ಜಿಐ ಪೈಪು ಮೊದಲು ಸೋಲೋದು ಮರೆ (ಥ್ರೆಡ್) ಕೊರೆದ ಜಾಗದಲ್ಲಿ, ಅಲ್ಲಿ ಕಬ್ಬಿಣವೇ ತೆಳು. ನಮ್ಮ ಬೆಟ್ಟದ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಅದು ಪೈಪಿನ ಸತುವಿನ ಲೇಪ ತಿಂದು ಮುಗಿಸಿ ಕಬ್ಬಿಣಕ್ಕೆ ಕೈಹಾಕತ್ತೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ರೆಶರ್ ಗೇಜ್ ಸಿಗತ್ತೆ. ಒಂದು ನಲ್ಲಿ ಬಿಚ್ಚಿ ಆ ಜಾಗಕ್ಕೆ ಟೇಪ್ ಸುತ್ತಿ ಕೂರಿಸಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮುಳ್ಳು ಎಲ್ಲಿ ನಿಲ್ಲತ್ತೆ ನೋಡಿ. ಆಮೇಲೆ ಮನೆಗೆ ನೀರು ಬರುವ ಗೇಟ್ ವಾಲ್ವ್ ಮುಚ್ಚಿ. ಮುಳ್ಳು ಅಲ್ಲೇ ನಿಂತರೆ ಪೈಪ್ ಚೆನ್ನಾಗಿದೆ, ತೇವ ಬೇರೆ ಕಡೆಯಿಂದ ಬರ್ತಿದೆ. ಇಳಿದರೆ ಎಲ್ಲೋ ಸೋರ್ತಿದೆ. ಕಮೋಡಿನ ಟ್ಯಾಂಕ್ ವಾಲ್ವ್ ಕೂಡ ಮುಚ್ಚಿರಬೇಕು, ಇಲ್ಲದಿದ್ದರೆ ಆ ಸೋರಿಕೆ ಸೇರಿ ಲೆಕ್ಕ ತಪ್ಪತ್ತೆ.

ಕೆಂಪು ನೀರಿಗೆ ಎರಡು ಗಾಜಿನ ಬಾಟಲ್ ಸಾಕು. ಒಂದರಲ್ಲಿ ಒರತೆ ಬಾಯಿಯ ನೀರು, ಇನ್ನೊಂದರಲ್ಲಿ ಬೆಳಿಗ್ಗೆ ನಲ್ಲಿಯಿಂದ ಬರುವ ಮೊದಲ ನೀರು. ಒರತೆ ನೀರು ಹಿಡಿದಾಗ ತಿಳಿಯಾಗಿದ್ದು ಇಟ್ಟಮೇಲೆ ಕೆಂಪಾದರೆ ನೀರಲ್ಲೇ ಕಬ್ಬಿಣದ ಅಂಶ ಇದೆ. ಅದು ತಿಳಿಯಾಗೇ ಉಳಿದು ನಲ್ಲಿ ನೀರು ಮಾತ್ರ ಕೆಂಪಾಗಿದ್ದರೆ ತುಕ್ಕು ನಿಮ್ಮ ಪೈಪಿನದ್ದು.

ಇನ್ನು ಗೋಡೆ. ಸಿಮೆಂಟ್ ಗಾರೆ ಗೋಡೆಯ ಉಸಿರು ಕಟ್ಟಿಸತ್ತೆ. ಒಳಗಿನ ತೇವಕ್ಕೆ ಹೊರಗೆ ಆರೋಕೆ ದಾರಿ ಇಲ್ಲದೆ ಅದು ಮೇಲೇರ್ತಾ ಹೋಗತ್ತೆ. ಅದಕ್ಕೇ ಸೊಂಟದವರೆಗೆ ಬಂದಿರೋದು. ಕೆಮಿಕಲ್ ಹಚ್ಚಿದರೂ ಅಷ್ಟೇ, ಈ ಬದಿ ಮುಚ್ಚಿದರೆ ನಡುಬಾಡೆ ಬದಿಗೆ ಹೊರಡತ್ತೆ. ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೂ ಸಿಮೆಂಟ್ ಕಿತ್ತುಹಾಕಿ. ಉಳಿ ಸುತ್ತಿಗೆಯಲ್ಲೇ ಕೀಳಿಸಿ. ಬ್ರೇಕರ್ ಮೆಷಿನ್ ಬೇಡ, ಆ ಅದುರಿಗೆ ಗೋಡೆಯ ಮಣ್ಣೇ ಉದುರತ್ತೆ. ಉಪ್ಪನ್ನ ಒಣ ಬ್ರಷ್ಷಲ್ಲಿ ಉಜ್ಜಿ ತೆಗೀರಿ, ತೊಳೆಯಬೇಡಿ. ಆಮೇಲೆ ಬೇಸಿಗೆ ಪೂರ್ತಿ ಒಣಗೋಕೆ ಬಿಡಿ.

ಅತ್ತೆಯವರ ಬಾತ್‌ರೂಮನ್ನ ಹಿಂದಿನ ಜಗಲಿಗೆ ಹೊಂದಿಸಿ ಹೊರಗೆ ಕಟ್ಟಿ, ಸಾಲಿಡ್ ಬ್ಲಾಕಲ್ಲಿ, ಅದಕ್ಕೇ ಬೇರೆ ಪಾಯ ಹಾಕಿ. ಹಳೇ ಗೋಡೆಗೂ ಹೊಸದಕ್ಕೂ ನಡುವೆ ಸಂದು ಇರಲಿ, ಆ ಸಂದಿಗೆ ಮಳೆ ಬೀಳದ ಹಾಗೆ ಮೇಲೆ ತಗಡು ಬಗ್ಗಿಸಿ. ಹೋಗುವ ದಾರಿಗೆ ಹೆಂಚಿನ ಮಾಡು ಇಳಿಸಿದರೆ ಅವರು ನೆನೆಯೋದೂ ಇಲ್ಲ. ಇದನ್ನ ಇಷ್ಟು ಒತ್ತಿ ಹೇಳೋಕೆ ಇನ್ನೊಂದು ಕಾರಣ ಇದೆ. ಮಂಡಿನೋವಿನವರಿಗೆ ಕಮೋಡ್ ಪಕ್ಕ ಹಿಡಿದು ಏಳೋಕೆ ಸ್ಟೀಲ್ ಹಿಡಿಕೆ ಬೇಕು. ಮಣ್ಣಿನ ಗೋಡೆಯಲ್ಲಿ ಅದರ ಸ್ಕ್ರೂ ನಿಲ್ಲಲ್ಲ, ಮೈಭಾರ ಬಿದ್ದ ದಿನ ಕಿತ್ತು ಬರತ್ತೆ. ಸಾಲಿಡ್ ಬ್ಲಾಕಿನಲ್ಲಿ ಗಟ್ಟಿಯಾಗಿ ಕೂರತ್ತೆ. ಹೊಸಿಲು ಬೇಡ, ನೆಲ ಜಾರದ ಟೈಲ್ಸ್ ಇರಲಿ, ಬಾಗಿಲು ಮೂರಡಿ ಅಗಲ. ಟೈಲ್ಸ್ ಹಾಕೋ ಮೊದಲು ವಾಟರ್‌ಪ್ರೂಫಿಂಗ್ ಮಾಡಿದ ನೆಲದಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿ. ಮೇಸ್ತ್ರಿ ಅವಸರ ಮಾಡಿದರೂ ಇದನ್ನ ಬಿಡಬೇಡಿ.

ಜಾಗ ಸಾಲದು ಅಂತ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣು) ಮಾತ್ರ ಕಡಿಸಬೇಡಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಿದ್ದನ್ನ ನಾವೆಲ್ಲ ನೋಡಿದೀವಿ.

ಉತ್ತರ: ಪೊನ್ನಂಪೇಟೆ ಕಡೆಯವರು

ಪ್ಲಂಬರ್ ಅಣ್ಣ ಹೇಳಿದ್ದು ಸರಿಯೇ, ಆದರೆ ಎಲ್ಲರಿಗೂ ಹೊರಗೆ ಜಾಗ ಇರಲ್ಲ. ನಮ್ಮಲ್ಲಿ ಒಳಗೇ ಮಾಡಿದೀವಿ. ಮಣ್ಣಿನ ಗೋಡೆ ಮುಟ್ಟದೆ ನಾಲ್ಕಿಂಚು ಬಿಟ್ಟು ಒಳಗಡೆ ತೆಳು ಬ್ಲಾಕ್ ಗೋಡೆ ಎಬ್ಬಿಸಿ, ಪೈಪು ಟೈಲ್ಸ್ ಎಲ್ಲ ಅದಕ್ಕೇ ಹಾಕಿಸಿದ್ವಿ. ಹಳೇ ಗೋಡೆ ಹಿಂದೆ ಹಾಗೇ ಇದೆ. ರೂಮು ಕಿರಿದಾಯ್ತು, ಅದೊಂದೇ.

ಇನ್ನೊಂದು ಮಾತು. ಐನ್‌ಮನೆ ಅಂದಮೇಲೆ ಒಕ್ಕದ ಹಿರಿಯರಾದ ಪಟ್ಟೇದಾರರ ಹತ್ತಿರ ಮೊದಲೇ ಮಾತಾಡಿ. ಕನ್ನಿಕೋಂಬರೆ (ಪೂಜೆಯ ಕೋಣೆ) ಕಡೆಗೆ ಬಚ್ಚಲ ಪೈಪ್ ಹೋಗತ್ತೆ ಅಂತ ಕೆಲಸ ಅರ್ಧ ಆದಮೇಲೆ ತಕರಾರು ಬಂದರೆ ಕಷ್ಟ.

ಉತ್ತರ: ವಿರಾಜಪೇಟೆ ಪ್ಲಂಬರ್

ಅದೂ ಆಗತ್ತೆ. ಆ ನಾಲ್ಕಿಂಚಿನ ಸಂದಿಗೆ ಕೆಳಗೂ ಮೇಲೂ ಗಾಳಿ ಆಡೋಕೆ ಜಾಲರಿ ಬಿಟ್ಟಿದೀರಾ? ಇಲ್ಲದಿದ್ದರೆ ಬಿಡಿಸಿ. ಕತ್ತಲು, ತೇವ, ಹಳೇ ಮರ ಮೂರೂ ಒಂದೇ ಕಡೆ ಸಿಕ್ಕರೆ ಗೆದ್ದಲು ಬಂದೇ ಬರತ್ತೆ.

ಉತ್ತರ: ಮಡಿಕೇರಿ ಗಾರೆ ಕೆಲಸ

ಗೋಡೆ ಒಣಗಿದ ಮೇಲಿನ ಕೆಲಸದ ಬಗ್ಗೆ ನಾನು ಹೇಳ್ತೀನಿ. ಕಿತ್ತ ಜಾಗಕ್ಕೆ ಮತ್ತೆ ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಆಗಬೇಕು. ಕರಾವಳಿ ಕಡೆಯ ಚಿಪ್ಪಿನ ಸುಣ್ಣ ತರಿಸಿ. ತಂದ ದಿನವೇ ಕಲಸಬಾರದು. ಅರಳಿಸಿ, ನೀರಿನಡಿ ಕೆಲವು ವಾರ ಕೊಳೆಯೋಕೆ ಬಿಟ್ಟು ಬೆಣ್ಣೆ ಹದಕ್ಕೆ ಬಂದಮೇಲೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವ ಜಾಸ್ತಿ ಇದ್ದ ಬುಡದ ಭಾಗದಲ್ಲಿ ಮರಳಿನ ಒಂದಂಶ ತೆಗೆದು ಇಟ್ಟಿಗೆ ಪುಡಿ ಸೇರಿಸಿ, ಬೇಗ ಗಟ್ಟಿಯಾಗತ್ತೆ. ಒಂದೇ ಸಲ ದಪ್ಪಗೆ ಮೆತ್ತಬೇಡಿ, ತೆಳುವಾಗಿ ಎರಡು ಮೂರು ಕೋಟ್. ಬಿಸಿಲು ಗಾಳಿ ನೇರ ಬೀಳದ ಹಾಗೆ ಒದ್ದೆ ಗೋಣಿ ತೂಗುಹಾಕಿ, ಒಂದು ವಾರವಾದರೂ ನೀರು ಚಿಮುಕಿಸ್ತಾ ಇರಬೇಕು. ಮೇಲೆ ಸುಣ್ಣವೇ ಬಳೀರಿ. ಪ್ಲಾಸ್ಟಿಕ್ ಎಮಲ್ಶನ್ ಹೊಡೆದರೆ ಮಾಡಿದ್ದೆಲ್ಲ ವ್ಯರ್ಥ.

ಸುಣ್ಣ ಗಟ್ಟಿಯಾಗೋದು ಗಾಳಿಯಿಂದ, ನಿಧಾನಕ್ಕೆ. ನಮ್ಮ ಜೂನ್ ಜುಲೈ ಹವೆಯಲ್ಲಿ ಆಗಲ್ಲ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಆದರೆ ಆಗ ರೋಬಸ್ಟಾ ಕೊಯ್ಲು, ಆಳು ಸಿಗೋದು ಕಷ್ಟ. ಈಗಲೇ ಮಾತಾಡಿ ಇಟ್ಕೊಳ್ಳಿ. ಚೌಕಟ್ಟಿನ ಮರ ಪೂರ್ತಿ ಬದಲಾಯಿಸೋದು ಬೇಡ. ಮೆತ್ತಗಾದ ಬುಡ ಕತ್ತರಿಸಿ, ಅದೇ ಜಾತಿಯ ಹಳೇ ಮರದ ತುಂಡು ಕಚ್ಚು ಹಾಕಿ ಸೇರಿಸೋ ಆಚಾರಿಗಳು ಇನ್ನೂ ಇದ್ದಾರೆ. ಸೇರಿಸಿದ ತುಂಡಿನ ಅಡಿಗೆ ಕಲ್ಲು ಕೊಡಿಸಿ, ಮರ ನೆಲಕ್ಕೆ ತಾಗಬಾರದು.

ಪ್ರಶ್ನೆ ಕೇಳಿದವರು: ನಾಪೋಕ್ಲು ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಗೇಜ್ ತಂದು ಹಾಕಿದ್ವಿ. ರಾತ್ರಿ ಮುಳ್ಳು ಆರು ಕೆ.ಜಿ. ಹತ್ತಿರ ನಿಂತಿತ್ತು. ಕಮೋಡಿನದ್ದೂ ಸೇರಿ ಎಲ್ಲ ಮುಚ್ಚಿ ಗೇಟ್ ವಾಲ್ವ್ ತಿರುಗಿಸಿದ್ವಿ, ನೋಡ್ತಾ ನೋಡ್ತಾ ಮುಳ್ಳು ಎರಡಕ್ಕಿಂತ ಕೆಳಗೆ ಬಂತು. ಯಜಮಾನರು ಟಾರ್ಚ್ ಹಿಡಿದು ಅಲ್ಲೇ ನಿಂತುಬಿಟ್ರು. ಒರತೆ ನೀರು ಬಾಟಲಲ್ಲಿ ಇವತ್ತಿಗೂ ತಿಳಿಯಾಗಿದೆ, ನಲ್ಲಿಯದ್ದು ಹಿಡಿದಾಗಲೇ ಚಹಾ ಬಣ್ಣ.

ಅಂದ್ರೆ ಪೈಪೇ ಅಂತಾಯ್ತು. ಹೊರಗೆ ಕಟ್ಟೋದಕ್ಕೆ ಅತ್ತೆ ಒಪ್ಪಿದ್ದಾರೆ, ಹಿಂದೆ ಬರೆ ಮುಟ್ಟದೆ ಜಾಗ ಇದೆ. ಇನ್ನು ಮೂರು ಪ್ರಶ್ನೆ. ಹೊಸ ಪೈಪಿಗೂ ಇದೇ ಆರು ಕೆ.ಜಿ. ಬರಲ್ವಾ? ಕಮೋಡಿನ ಗುಂಡಿ ಎಲ್ಲಿ ತೋಡಿಸೋದು, ಕೆಳಗಡೆ ಬಾವಿ ಒಂದಿದೆ. ಮತ್ತೆ ಬಿಸಿನೀರು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರಲ್ಲ, ಬಿಸಿಲೂ ಇಲ್ಲ. ಕಾಫಿ ಕಡ್ಡಿ, ಸಿಲ್ವರ್ ಓಕ್ ಸೌದೆ ಬೇಕಾದಷ್ಟಿದೆ, ಸೌದೆ ಬಾಯ್ಲರ್ ಇಡೋಣ ಅಂತ. ಸಿಪಿವಿಸಿ ಪೈಪ್ ತಡೆಯತ್ತಾ?

ಉತ್ತರ: ವಿರಾಜಪೇಟೆ ಪ್ಲಂಬರ್

ಅಕ್ಕಾ, ಹಾಗಾದರೆ ಇವತ್ತಿನಿಂದಲೇ ರಾತ್ರಿ ಗೇಟ್ ವಾಲ್ವ್ ಮುಚ್ಚಿ ಮಲಗಿ. ಒಂದು ಬಕೆಟ್ ನೀರು ತುಂಬಿಟ್ಕೊಳ್ಳಿ. ಗೋಡೆಗೆ ಹೋಗೋ ನೀರು ಅಷ್ಟರಮಟ್ಟಿಗೆ ಇವತ್ತೇ ಕಡಿಮೆಯಾಗತ್ತೆ.

ಒತ್ತಡ ಇಳಿಸೋಕೆ ನಡುವೆ ಟ್ಯಾಂಕ್ ಬೇಕು. ಮನೆ ಹಿಂದಿನ ಏರಿನಲ್ಲಿ ನಲ್ಲಿಗಿಂತ ಐದಾರು ಮೀಟರ್ ಎತ್ತರದ ಗಟ್ಟಿ ನೆಲ ನೋಡಿ ಟ್ಯಾಂಕ್ ಇಡಿ, ಬರೆಯ ಅಂಚಲ್ಲಿ ಬೇಡ. ಒರತೆ ಪೈಪ್ ಆ ಟ್ಯಾಂಕಿಗೆ ಬೀಳಲಿ. ಬಾಲ್ ವಾಲ್ವ್ ಹಿತ್ತಾಳೆಯದ್ದು, ಹೆಚ್ಚು ಪ್ರೆಶರ್ ತಡೆಯೋದೇ ಕೇಳಿ ತಗೊಳ್ಳಿ. ಟ್ಯಾಂಕ್ ತುಂಬಿ ಹೆಚ್ಚಾದ ನೀರಿಗೆ ತೋಡಿನವರೆಗೂ ಪೈಪ್ ಕೊಡಿ, ಏರಿನ ಮೇಲೆ ಹರಿಯೋಕೆ ಬಿಡಬೇಡಿ. ಮನೆಗೆ ಅರ್ಧ ಕೆ.ಜಿ. ಚಿಲ್ಲರೆ ಬರತ್ತೆ. ಟ್ಯಾಂಕಿಂದ ಒಂದಿಂಚು ಪೈಪ್ ಇಳಿಸಿ, ಬಾತ್‌ರೂಮ್ ಹತ್ತಿರ ಮುಕ್ಕಾಲು, ನಲ್ಲಿಗೆ ಮಾತ್ರ ಅರ್ಧ ಇಂಚು ಮಾಡಿದರೆ ಶವರಿಗೂ ಧಾರಾಳ. ಅಡುಗೆಮನೆಗೆ ಹೋಗೋ ಪೈಪ್ ಗೋಡೆ ಮೇಲೇ ಕ್ಲ್ಯಾಂಪ್ ಹಾಕಿ ಕಾಣೋ ಹಾಗೆ ಒಯ್ಯಿರಿ. ಚೆಂದ ಕಾಣಲ್ಲ ಅಂತ ಯಾರಾದರೂ ಅಂದರೂ ಒಪ್ಪಬೇಡಿ. ಹಳೇ ಜಿಐ ಪೈಪನ್ನ ಗೋಡೆಯಿಂದ ಕೀಳೋಕೆ ಹೋಗಬೇಡಿ, ಎರಡೂ ತುದಿ ಬಿಡಿಸಿ ನೀರು ಬಸಿದು ಮುಚ್ಚಿಬಿಡಿ.

ಇಂಗುಗುಂಡಿ ಬಾವಿಯಿಂದ 18 ಮೀಟರ್ ಆದರೂ ದೂರ ಇರಬೇಕು, ಮನೆಯಿಂದ 6 ಮೀಟರ್. ಇದು ಐಎಸ್ ಕೋಡಲ್ಲೇ (ಭಾರತೀಯ ಮಾನಕ) ಇರೋ ಅಳತೆ. ನಿಮ್ಮಲ್ಲಿ ಬಾವಿ ಕೆಳಗಿದೆ ಅಂದಿರಿ, ಹಾಗಾಗಿ 18ಕ್ಕೆ ನಿಲ್ಲಬೇಡಿ. ಬಾವಿಯ ನೇರ ಮೇಲಕ್ಕೆ ಬಾರದ ಹಾಗೆ ಪಕ್ಕಕ್ಕೆ ಸರಿಸಿ. ಆಟಿ ತಿಂಗಳ ಜೋರು ಮಳೆಯಲ್ಲಿ ನೆಲದೊಳಗಿನ ನೀರು ಮೇಲೆ ಬಂದಾಗ ಗುಂಡಿ ಆಳ ಇದ್ದಷ್ಟೂ ತೊಂದರೆ, ಆಳ ಕಡಿಮೆ ಮಾಡಿ ಉದ್ದ ಜಾಸ್ತಿ ಮಾಡಿಸಿ. ಮಾಡಿನ ಮಳೆನೀರು ಇದಕ್ಕೆ ಸೇರಲೇಬಾರದು. ಕಮೋಡಿನ ನಾಲ್ಕಿಂಚು ಪೈಪಿಗೆ ಹತ್ತಡಿಗೆ ಎರಡರಿಂದ ಮೂರಿಂಚು ಇಳಿಜಾರು ಕೊಡಿ.

ಸೌದೆ ಬಾಯ್ಲರ್ ನಮ್ಮ ಕಡೆಗೆ ಸರಿಯಾದ್ದು. ಆದರೆ ಸಿಪಿವಿಸಿ ತಡೆಯೋದು 93 ಡಿಗ್ರಿವರೆಗೆ. ನಮ್ಮ ಎತ್ತರದಲ್ಲಿ ನೀರು ಕುದಿಯೋದು 96, 97ರ ಹತ್ತಿರ. ಕರೆಂಟಿನ ಗೀಸರ್ ತಾನೇ ಆಫ್ ಆಗತ್ತೆ, ಬೆಂಕಿ ಆಗಲ್ಲ. ಹಾಗಾಗಿ ಬಾಯ್ಲರಿಂದ ಹೊರಡೋ ಬಿಸಿನೀರಿಗೆ ಮಿಕ್ಸರ್‌ವರೆಗೂ ತಾಮ್ರದ ಪೈಪೇ ಇರಲಿ, ಸಿಪಿವಿಸಿ ತಣ್ಣೀರಿಗೆ ಮಾತ್ರ ಹಾಕಿ, ಬಾತ್‌ರೂಮಲ್ಲಿ ತಣ್ಣೀರು ಬೆರೆಸೋ ಮಿಕ್ಸರ್ ಕೊಡಿ. ಬಾಯ್ಲರಿನ ನೆತ್ತಿಯಿಂದ ಒಂದು ಪೈಪ್ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಹೋಗಿ ಬಾಯಿ ತೆರೆದಿರಬೇಕು. ಆ ಪೈಪಿಗೆ ಯಾವ ಕಾರಣಕ್ಕೂ ವಾಲ್ವ್ ಹಾಕಿಸಬೇಡಿ, ಹಬೆಗೆ ಅದೊಂದೇ ದಾರಿ. ಟ್ಯಾಂಕ್ ದೂರದ ಏರಲ್ಲಿದ್ದು ಅಷ್ಟು ಎತ್ತರಕ್ಕೆ ಪೈಪ್ ಒಯ್ಯೋಕೆ ಆಗದಿದ್ದರೆ, ಬಾಯ್ಲರಿಗೆ ಮಾತ್ರ ಬಚ್ಚಲ ಮಾಡಿನ ಮಟ್ಟದಲ್ಲಿ ಬಾಲ್ ವಾಲ್ವ್ ಇರೋ ಸಣ್ಣ ಟ್ಯಾಂಕ್ ಬೇರೆ ಇಡಿ, ಆಗ ಈ ಪೈಪ್ ಅದರ ಮೇಲಕ್ಕೆ ಬಂದರೆ ಸಾಕು. ಬಾಯ್ಲರನ್ನ ಹಿತ್ತಲ ಹಳೇ ಬಚ್ಚಲಲ್ಲೇ ಕೂರಿಸಿ. ಹೊಗೆ ಹೋಗೋ ದಾರಿ ಅಲ್ಲಿ ಮೊದಲೇ ಇದೆ, ಸೌದೆಯೂ ಅಲ್ಲೇ ಬೀಳತ್ತೆ.