ಸೈಕಲ್ ವೇಗದ ನಾಜಲ್

ಥರ್ಮೋಡೈನಮಿಕ್ಸ್ ಪರೀಕ್ಷೆಯ ಹಿಂದಿನ ರಾತ್ರಿ. ಹಾಸ್ಟೆಲ್ ರೂಮಿನಲ್ಲಿ ಮೂರು ಜನ, ಒಂದು ಪೊಟ್ಟಣ ಖಾರ ಮಂಡಕ್ಕಿ, ಒಂದೇ ಕ್ಯಾಲ್ಕುಲೇಟರ್.

ಲೆಕ್ಕ ಇಷ್ಟೇ. ನಾಜಲ್ ಅಂದರೆ ಗಾಳಿಯ ವೇಗ ಹೆಚ್ಚಿಸುವ, ಬಾಯಿ ಕಿರಿದಾದ ಕೊಳವೆ. ಗಾಳಿ 27 ಡಿಗ್ರಿಯಲ್ಲಿ ತೀರಾ ನಿಧಾನವಾಗಿ ಅದರ ಒಳಗೆ ಹೋಗುತ್ತದೆ, 7 ಡಿಗ್ರಿಯಲ್ಲಿ ಹೊರಗೆ ಬರುತ್ತದೆ. ಹೊರಗೆ ಬರುವಾಗ ವೇಗ ಎಷ್ಟು?

“ಸೆಕೆಂಡಿಗೆ 6.3 ಮೀಟರ್,” ಎಂದೆ ನಾನು, ಇಲ್ಲದ ಮೀಸೆ ತಿರುವುತ್ತಾ.

“ಲೇಟಾದಾಗ ನಾನು ಸೈಕಲ್ ತುಳಿಯೋದೇ ಆ ಸ್ಪೀಡಲ್ಲಿ ಕಣೋ,” ಎಂದ ಗುಂಡ. “ಇಷ್ಟಕ್ಕೆ ನಾಜಲ್ ಯಾಕೆ? ಬೀಸಣಿಗೆ ಸಾಕಲ್ವಾ?”

ಮಂಜ ನನ್ನ ನೋಟ್‌ಬುಕ್ ಕಿತ್ತುಕೊಂಡ. “ಶಾಖ ಸೊನ್ನೆ. ಗಾಳಿ ಸರ್ರನೆ ದಾಟಿಬಿಡುತ್ತೆ, ಬಿಸಿ ಒಳಗೆ ಬರೋಕೂ ಹೊರಗೆ ಹೋಗೋಕೂ ಪುರುಸೊತ್ತಿಲ್ಲ. ತಿರುಗೋ ಶಾಫ್ಟ್ ಇಲ್ಲ, ಹಾಗಾಗಿ ಕೆಲಸವೂ ಸೊನ್ನೆ.”

“ನಿನ್ನ ಥರ,” ಎಂದ ಗುಂಡ.

“ಉಳಿದದ್ದು ಎರಡೇ. ಒಂದು ಎಂಥಾಲ್ಪಿ, ಅಂದ್ರೆ ಗಾಳಿಯ ಒಳಗಿನ ಶಕ್ತಿ, ಒತ್ತಡದ ಶಕ್ತಿ ಎರಡೂ ಸೇರಿದ್ದು. ಇನ್ನೊಂದು ಚಲನಶಕ್ತಿ. ಅದು ಇಳಿದಷ್ಟೂ ಇದು ಏರಬೇಕು. ಒಂದು ಕೆಜಿ ಗಾಳಿಗೆ ಡಿಗ್ರಿಗೆ 1.005 ಕಿಲೋಜೌಲ್, 20 ಡಿಗ್ರಿಗೆ 20.1. ಎರಡರಿಂದ ಗುಣಿಸಿ ವರ್ಗಮೂಲ ತೆಗಿ.”

“ನಾನೂ ಅದೇ ಮಾಡಿದ್ದು!”

“ಕಿಲೋ ಎಲ್ಲಿ ಹೋಯ್ತು? ಒಂದು ಕಿಲೋ ಈರುಳ್ಳಿ ತಾ ಅಂದ್ರೆ ಒಂದು ಗ್ರಾಂ ತರೋನು ನೀನು. ಮೊದಲು 1000ದಿಂದ ಗುಣಿಸು.”

ಗುಣಿಸಿದೆ. ಸೆಕೆಂಡಿಗೆ 200 ಮೀಟರ್. ಅಂದರೆ ಗಂಟೆಗೆ 720 ಕಿಲೋಮೀಟರ್. ಸೈಕಲ್ ಹೋಗಿ ವಿಮಾನ ಬಂತು. ಬರೀ 20 ಡಿಗ್ರಿ ಬಿಸಿಯಲ್ಲಿ ಇಷ್ಟು ವೇಗ ಅಡಗಿರುತ್ತದೆ ಎಂದು ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಇಲ್ಲ.

ಆದರೂ ಸುಮ್ನೆ ಸೋಲಬೇಕಾ? “ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ನೀರೂ ಜೋರಾಗಿ ಚಿಮ್ಮುತ್ತೆ. ಅದೇನು ತಣ್ಣಗಾಗುತ್ತಾ?”

“ನೀರು ಒತ್ತಡ ಕಳೆದುಕೊಂಡು ವೇಗ ಪಡೆಯುತ್ತೆ, ಹಿಗ್ಗಲ್ಲ. ಗಾಳಿ ಹಿಗ್ಗುತ್ತೆ, ಹಿಗ್ಗುತ್ತಾ ಮೈಬಿಸಿಯನ್ನೇ ಖರ್ಚು ಮಾಡುತ್ತೆ.”

ಗುಂಡನ ಕಣ್ಣು ಅರಳಿತು. “ಮಗಾ, ಮಂಚದ ಹತ್ತಿರ ಒಂದು ನಾಜಲ್ ಇಟ್ರೆ ಎಸಿನೇ ಬೇಡ!”

“ಆ ಗಾಳಿ ನಿನ್ನ ಮುಖಕ್ಕೆ ಬಡಿದು ನಿಂತರೆ ವೇಗ ಮತ್ತೆ ಬಿಸಿಯಾಗುತ್ತೆ. ಥರ್ಮಾಮೀಟರ್ ಅಡ್ಡ ಹಿಡಿದರೂ 7 ತೋರಿಸಲ್ಲ, 27ರ ಹತ್ತಿರ ತೋರಿಸುತ್ತೆ.”

“ಅಷ್ಟು ಓಡಿ ಕೊನೆಗೆ ಹೊರಟಲ್ಲಿಗೇ ಬಂತು,” ಎಂದು ಗುಂಡ ಮಂಡಕ್ಕಿ ಮುಕ್ಕಿದ. “ನನ್ನ ನಾಲ್ಕನೇ ಸೆಮಿಸ್ಟರ್ ಥರ.”

“ಹೋಗಲಿ, ನನ್ನ 6.3ಕ್ಕೆ ಸ್ವಲ್ಪ ಮಾರ್ಕ್ಸ್ ಕೊಡ್ತಾರಾ?” ಎಂದು ಕೇಳಿದೆ.

“ಕೊಡ್ತಾರೆ,” ಎಂದ ಮಂಜ. “1000ದ ವರ್ಗಮೂಲದಿಂದ ಭಾಗಿಸಿ.”