ಮಹಿಳೆಯರ ಮ್ಯಾಚ್ ರೇಸಿಂಗ್: ಮುಂದಿದ್ದ ದೋಣಿ ತಾನಾಗಿಯೇ ಒಂದು ಸುತ್ತು ಹೊಡೆದಿದ್ದು ಯಾಕೆ?

ಶುಭಾ_ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹದಿಮೂರು ವರ್ಷ. ಎಂಟು ತಿಂಗಳಿಂದ ಹಲಸೂರು ಕೆರೆಯಲ್ಲಿ ಹಾಯಿದೋಣಿ ಓಡಿಸೋದು ಕಲಿಯುತ್ತಿದ್ದಾಳೆ, ಆಪ್ಟಿಮಿಸ್ಟ್ ಅಂತಾರಲ್ಲ, ಆ ಪುಟ್ಟ ದೋಣಿ. ನನಗೆ ಈ ವಿಷಯ ಏನೂ ಗೊತ್ತಿರಲಿಲ್ಲ, ದಡದಲ್ಲಿ ಕೂತು ಕೂತು ಅಷ್ಟಿಷ್ಟು ತಿಳಿದುಕೊಂಡೆ.

ಮೊನ್ನೆ ಇಬ್ಬರೂ ಕೂತು 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ ಮ್ಯಾಚ್ ರೇಸಿಂಗ್ (ಎರಡೇ ಹಾಯಿದೋಣಿ ಪರಸ್ಪರ ಓಡುವ ಸ್ಪರ್ಧೆ) ಫೈನಲ್ ನೋಡಿದೆವು, ಸ್ಪೇನ್ ಮತ್ತು ಆಸ್ಟ್ರೇಲಿಯಾ. ಆಮೇಲೆ ಬೇರೆ ಸ್ಪರ್ಧೆಗಳ ಒಂದೆರಡು ತುಣುಕನ್ನೂ ನೋಡಿದೆವು. ಕಣ್ಣು ತೆಗೆಯೋಕೆ ಆಗಲಿಲ್ಲ, ಆದರೆ ಅರ್ಧ ಅರ್ಥವಾಗಲಿಲ್ಲ. ಮಗಳು ಕೇಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ರೇಸ್ ಶುರುವಾಗೋ ಮುಂಚೆ ಎರಡೂ ದೋಣಿ ಪಕ್ಕಪಕ್ಕ ಬಂದು ನಿಂತುಬಿಡುತ್ತವೆ, ಹಾಯಿ ಪಟಪಟ ಬಡಿದುಕೊಳ್ಳುತ್ತಿರುತ್ತದೆ, ಯಾರೂ ಮುಂದೆ ಹೋಗುವುದಿಲ್ಲ. ಇದು ಯಾವ ಓಟ? ಒಂದು ತುಣುಕಿನಲ್ಲಿ ಮುಂದಿದ್ದ ದೋಣಿ ಇನ್ನೇನು ಗೆರೆ ದಾಟಬೇಕು ಅನ್ನುವಾಗ ತಾನೇ ಗಿರ್ರನೆ ಒಂದು ಸುತ್ತು ತಿರುಗಿತು, ಅಷ್ಟರಲ್ಲಿ ಹಿಂದಿನದು ಗೆದ್ದುಬಿಟ್ಟಿತು. ಮಗಳಿಗೆ ಅದನ್ನು ನೋಡಿ ಅಳುವೇ ಬಂತು. ಕೊನೆಯದಾಗಿ, ಈ ಸ್ಪರ್ಧೆ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ ಅಂತ ಕೇಳಿದೆ, ನಿಜವಾ? ಇವಳಿಗೆ ಇದರ ಮೇಲೇ ಮನಸ್ಸು ಬಿದ್ದಿದೆ.

ಮಲ್ಪೆ_ಗಾಳಿ:

ಶುಭಾ ಅವರೇ, ಒಳ್ಳೆ ಪ್ರಶ್ನೆ. ನಾನು ಕೆಲವು ವರ್ಷ ಮುಂಬೈನಲ್ಲಿದ್ದಾಗ ಗೆಳೆಯರ ದೋಣಿಯಲ್ಲಿ ಹಾಯಿ ಎಳೆಯೋಕೆ ಹೋಗುತ್ತಿದ್ದೆ, ಅಲ್ಲಿ ಕಲಿತಿದ್ದನ್ನು ಹೇಳುತ್ತೇನೆ.

ನಮ್ಮೂರ ಕಡೆ ಜೋಡುಕರೆ ಕಂಬಳ ನೋಡಿದ್ದೀರಾ? ಅಲ್ಲೂ ಎರಡೇ ಜೋಡಿ ಓಡುವುದು, ಸೋತವರು ಮನೆಗೆ. ಆದರೆ ಒಂದೊಂದು ಜೋಡಿ ಕೋಣಕ್ಕೂ ಅದರದೇ ಕರೆ, ಅಂದರೆ ಓಡುವ ಕೆಸರು ದಾರಿ, ಇರುತ್ತದೆ. ಶುರುವಿನ ಗಂತಿನಲ್ಲಿ ಬಿಟ್ಟರೆ ಕೊನೆಯ ಮಂಜೊಟ್ಟಿ ತನಕ ಪಕ್ಕದ ಜೋಡಿ ನಿಮ್ಮ ದಾರಿಗೆ ಬರೋ ಹಾಗೇ ಇಲ್ಲ. ಈಗ ನಡುವಿನ ಏರಿ ಕಿತ್ತು ಹಾಕಿ, ಎರಡನ್ನೂ ಒಂದೇ ಕರೆಗೆ ಇಳಿಸಿ, ನಿಯಮದೊಳಗೆ ಇನ್ನೊಬ್ಬನಿಗೆ ಅಡ್ಡ ಹೋಗಬಹುದು ಅಂದುಬಿಡಿ. ಅದು ಮ್ಯಾಚ್ ರೇಸಿಂಗ್. ಇಲ್ಲಿ ಸಮಯಕ್ಕೆ ಬೆಲೆ ಇಲ್ಲ. ಎಷ್ಟು ನಿಮಿಷದಲ್ಲಿ ಮುಗಿಸಿದಿರಿ ಅಂತ ಯಾರೂ ಕೇಳಲ್ಲ. ಎದುರಾಳಿಗಿಂತ ಒಂದು ಮೊಳ ಮುಂದಿದ್ದರೆ ಸಾಕು.

ಶುರುವಿನ ನಾಲ್ಕು ನಿಮಿಷ ಇದೆಯಲ್ಲ, ಅರ್ಧ ರೇಸ್ ಅಲ್ಲೇ ಮುಗಿದಿರುತ್ತದೆ. ಒಂದು ದೋಣಿಗೆ ಹಿಂದೆ ಹಳದಿ ಬಾವುಟ, ಇನ್ನೊಂದಕ್ಕೆ ನೀಲಿ. ಗಾಳಿಗೆ ಮುಖ ಮಾಡಿ ನಿಂತರೆ ಹಳದಿ ಶುರುವಿನ ಗೆರೆಯ ಬಲತುದಿಯಿಂದ ಒಳಗೆ ಬರುತ್ತದೆ, ನೀಲಿ ಎಡತುದಿಯಿಂದ. ಹಳದಿಗೆ ಗಾಳಿ ಬಲಗಡೆಯಿಂದ ಬಡಿಯುತ್ತಿರುತ್ತದೆ, ಅದನ್ನೇ ಸ್ಟಾರ್‌ಬೋರ್ಡ್ ಟ್ಯಾಕ್ ಅನ್ನುವುದು. ಅವರಿಗೆ ದಾರಿಯ ಹಕ್ಕು, ಇನ್ನೊಂದು ದೋಣಿ ದಾರಿ ಬಿಡಬೇಕು. ನಿಮ್ಮ ಮಗಳಿಗೆ ಇದು ಈಗಾಗಲೇ ಗೊತ್ತಿರುತ್ತದೆ, ಎಲ್ಲ ಹಾಯಿದೋಣಿಗೂ ಇದೇ ನಿಯಮ. ಹಾಗಾಗಿ ಹಳದಿ ನೇರ ನೀಲಿಯ ಮೇಲೇ ಹೋಗುತ್ತದೆ, ನೀಲಿ ತಪ್ಪಿಸಿಕೊಳ್ಳೋಕೆ ಮೂತಿಯನ್ನು ಗಾಳಿಗೆ ತಿರುಗಿಸುತ್ತದೆ, ಹಳದಿಯೂ ಬಿಡದೆ ಪಕ್ಕಕ್ಕೇ ಬಂದು ಹಾಗೇ ನಿಲ್ಲುತ್ತದೆ. ನೀವು ನೋಡಿದ್ದು ಅದೇ, ಡಯಲ್ ಅಪ್ ಅಂತಾರೆ. ನಿಂತ ಹಾಗೆ ಕಾಣುತ್ತದೆ, ಆದರೆ ನಿಂತಿರುವುದಿಲ್ಲ. ಕಬಡ್ಡಿಯಲ್ಲಿ ರೇಡರ್ ಗೆರೆ ಹತ್ತಿರ ತೂಗಾಡುತ್ತಾ ಕಾಯುವ ಹಾಗೆ. ದೋಣಿ ಹಿಂದಕ್ಕೆ ಜಾರುತ್ತಿರುತ್ತದೆ, ಒಬ್ಬಳು ಹಾಯಿಯನ್ನು ಕೈಯಿಂದ ಗಾಳಿಗೆ ಒತ್ತಿ ಹಿಡಿದಿರುತ್ತಾಳೆ, ಯಾರು ಮೊದಲು ದೋಣಿಯನ್ನು ಒಂದು ಕಡೆಗೆ ಹೊರಳಿಸುತ್ತಾರೋ ಅವರು ಸಿಕ್ಕಿಬೀಳುತ್ತಾರೆ.

ಇನ್ನು ಆ ಸುತ್ತಿನ ವಿಷಯ. ಅದು ದಂಡ. ಎರಡೂ ದೋಣಿಯ ಬೆನ್ನಿಗೇ ಅಂಪೈರ್‌ಗಳು ಮೋಟಾರ್ ದೋಣಿಯಲ್ಲಿ ಬರುತ್ತಿರುತ್ತಾರೆ. ಎದುರಾಳಿ ತಪ್ಪು ಮಾಡಿದಳು ಅನ್ನಿಸಿದರೆ ಕೆಂಪು ಹಳದಿ ಪಟ್ಟೆಯ ಬಾವುಟ ಎತ್ತಬೇಕು. ಅಂಪೈರ್ ಅಲ್ಲೇ ಉತ್ತರ ಕೊಡುತ್ತಾರೆ. ಹಸಿರು ಬಿಳಿ ತೋರಿಸಿದರೆ ಏನೂ ಇಲ್ಲ, ಹಳದಿಯನ್ನೋ ನೀಲಿಯನ್ನೋ ತೋರಿಸಿದರೆ ಆ ದೋಣಿಗೆ ದಂಡ. ದಂಡ ಅಂದರೆ ಮುಕ್ಕಾಲು ಸುತ್ತು. ಆದರೆ ತಕ್ಷಣವೇ ತೀರಿಸಬೇಕು ಅಂತಿಲ್ಲ, ಅಂಪೈರ್ ಕೆಂಪು ಬಾವುಟವನ್ನೂ ಜೊತೆಗೆ ತೋರಿಸದಿದ್ದರೆ ಮುಗಿಯುವ ಗೆರೆಯವರೆಗೂ ಸಾಲ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಎದುರಾಳಿಗೂ ಒಂದು ದಂಡ ಬಿದ್ದರೆ ಎರಡೂ ಹೊಡೆದು ಹೋಗುತ್ತವೆ! ಅದಕ್ಕೇ ಎಲ್ಲರೂ ಕಾಯುತ್ತಾರೆ. ನಿಮ್ಮ ಮಗಳು ನೋಡಿದ ದೋಣಿ ಕೊನೆಯವರೆಗೂ ಕಾದು, ಬೇರೆ ದಾರಿ ಇಲ್ಲದೆ ಗೆರೆಯ ಹತ್ತಿರ ಸಾಲ ತೀರಿಸಿದೆ. ಅಲ್ಲಿ ತೀರಿಸುವುದು ತುಂಬಾ ಕಷ್ಟ, ಗಾಳಿ ಬೆನ್ನಿಗಿರುತ್ತದೆ, ಮುಂದಿನ ದೊಡ್ಡ ಬಣ್ಣದ ಹಾಯಿ, ಸ್ಪಿನೇಕರ್, ಅದನ್ನು ಮೊದಲು ಇಳಿಸಬೇಕು, ಆಮೇಲೆ ಗಾಳಿಗೆದುರು ತಿರುಗಿ ಮತ್ತೆ ಗೆರೆಯ ಕಡೆ ಹೊರಳಬೇಕು. ಇನ್ನೊಂದು ಸಲ ಆ ತುಣುಕು ಹಾಕಿ, ಆ ಹಾಯಿ ಇಳಿಸುವ ಹುಡುಗಿಯ ಕೈ ನೋಡಿ.

ಬೋರ್ನ್‌ಮತ್_ನಿವಾಸಿ:

ಆ ಫೈನಲ್ ದಿನ ನಾನು ಅಲ್ಲೇ ಇದ್ದೆ! 2012ರ ಆಗಸ್ಟ್ 11. ಆ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ನಡೆದ ಇಂಗ್ಲೆಂಡ್‌ನ ವೇಮತ್‌ನಲ್ಲಿ ನೋಥ್ ಅಂತ ಒಂದು ಗುಡ್ಡ ಇದೆ, ಹಳೇ ಕೋಟೆ ಪಕ್ಕದಲ್ಲಿ. ಅದರ ಇಳಿಜಾರಿನ ಹುಲ್ಲಿನ ಮೇಲೆ ಜನ ಜಾತ್ರೆಗೆ ಬಂದ ಹಾಗೆ ಕೂತಿದ್ದರು. ಸಾಮಾನ್ಯವಾಗಿ ಹಾಯಿದೋಣಿ ಸ್ಪರ್ಧೆ ಅಂದರೆ ದೂರದಲ್ಲಿ ಬಿಳಿ ಚುಕ್ಕೆಗಳು, ಯಾರು ಮುಂದೆ ಯಾರು ಹಿಂದೆ ತಿಳಿಯಲ್ಲ. ಇದು ಹಾಗಲ್ಲ. ಎರಡೇ ದೋಣಿ, ಮುಂದಿರುವವರು ಗೆಲ್ಲುತ್ತಿದ್ದಾರೆ, ಅಷ್ಟೇ. ನನ್ನ ಪಕ್ಕ ಕೂತಿದ್ದ ಅಜ್ಜಿಗೂ ಎರಡು ನಿಮಿಷದಲ್ಲಿ ಅರ್ಥವಾಗಿತ್ತು.

ದೋಣಿ ಎಲಿಯಟ್ 6 ಮೀಟರ್, ಮೂರು ಜನ. ಎಲ್ಲರಿಗೂ ಆಯೋಜಕರೇ ಕೊಟ್ಟ ಒಂದೇ ತರದ ದೋಣಿ, ಹಾಗಾಗಿ ನನ್ನ ದೋಣಿ ಸರಿ ಇರಲಿಲ್ಲ ಅನ್ನೋ ಮಾತೇ ಇಲ್ಲ. ಹನ್ನೆರಡು ದೇಶ. ಆಸ್ಟ್ರೇಲಿಯಾದ ಒಲಿವಿಯಾ ಪ್ರೈಸ್, ನೀನಾ ಕರ್ಟಿಸ್, ಲೂಸಿಂಡಾ ವಿಟಿ ಮೊದಲ ಸುತ್ತಿನಲ್ಲಿ 11ಕ್ಕೆ 11 ಗೆದ್ದಿದ್ದರು. ಎಲ್ಲರೂ ಚಿನ್ನ ಅವರದೇ ಅಂದುಕೊಂಡಿದ್ದೆವು. ಸ್ಪೇನ್‌ನಲ್ಲಿ ತಮಾರಾ ಎಚೆಗೋಯೆನ್ ಚುಕ್ಕಾಣಿ, ಜೊತೆಗೆ ಆಂಹೆಲಾ ಪುಮರಿಯೆಗಾ, ಸೋಫಿಯಾ ತೋರೊ.

ಅವತ್ತು ಗಾಳಿ ಜೋರಿತ್ತು, ಅಲೆ ದೋಣಿಯ ಮೇಲೇ ಹತ್ತಿ ಬರುತ್ತಿತ್ತು. ಒಂದು ರೇಸ್‌ನಲ್ಲಿ ಪ್ರೈಸ್ ನೀರಿಗೆ ಬಿದ್ದುಬಿಟ್ಟರು. ಚುಕ್ಕಾಣಿ ಹಿಡಿದವಳೇ ದೋಣಿಯಲ್ಲಿಲ್ಲ! ಗುಡ್ಡದ ಮೇಲೆ ಒಂದು ಕ್ಷಣ ಎಲ್ಲರ ಬಾಯಿ ಕಟ್ಟಿತು. ಬಿದ್ದವರನ್ನು ಹತ್ತಿಸಿಕೊಳ್ಳದೆ ರೇಸ್ ಮುಂದುವರಿಸುವಂತಿಲ್ಲ, ಆ ಇಬ್ಬರು ದೋಣಿ ತಿರುಗಿಸಿಕೊಂಡು ಅವರನ್ನು ಎಳೆದುಕೊಳ್ಳುವಷ್ಟರಲ್ಲಿ ಸ್ಪೇನ್ ಎಲ್ಲೋ ಹೋಗಿತ್ತು. ಆದರೂ ಬಿಟ್ಟುಕೊಡಲಿಲ್ಲ, ಐದನೇ ರೇಸ್‌ವರೆಗೂ ಎಳೆದರು. ಕೊನೆಗೆ 3-2, ಚಿನ್ನ ಸ್ಪೇನ್‌ಗೆ. ಕಂಚು ಫಿನ್ಲೆಂಡ್‌ಗೆ. ಆಸ್ಟ್ರೇಲಿಯಾದ ದುರದೃಷ್ಟ ಅಂತಲೇ ನಾನು ಇವತ್ತಿಗೂ ಹೇಳೋದು.

ಗೀತಾ_ಕುಂದಾಪುರ:

ದುರದೃಷ್ಟ ಅನ್ನುವುದನ್ನು ನಾನು ಒಪ್ಪಲ್ಲ. ಅದೇ ಗಾಳಿ, ಅದೇ ಅಲೆ ಸ್ಪೇನ್‌ನವರಿಗೂ ಇತ್ತು. ಪ್ರೈಸ್‌ಗೆ ಆಗ ಇಪ್ಪತ್ತರ ಆಸುಪಾಸು, ಆ ವಯಸ್ಸಿಗೆ ಅಷ್ಟು ದೂರ ಬಂದಿದ್ದೇ ದೊಡ್ಡದು, ನನಗೆ ಅವರ ಮೇಲೆ ತುಂಬಾ ಗೌರವ ಇದೆ. ಆದರೆ ಆ ದಿನ ಗೆದ್ದವರನ್ನು ಅದೃಷ್ಟವಂತರು ಅಂದರೆ ಅವರ ಕೆಲಸಕ್ಕೆ ಬೆಲೆ ಕೊಟ್ಟ ಹಾಗಾಗಲ್ಲ. ಗಾಳಿಗೆದುರು ಹೋಗುವಾಗ ಮುಂದಿರುವವರು ಹಿಂದಿನವರಿಗೆ ಬರುವ ಗಾಳಿಗೆ ಅಡ್ಡ ನಿಲ್ಲುತ್ತಾರೆ, ಹಿಂದಿನವರು ಹೊರಳಿದರೆ ತಾವೂ ಹೊರಳುತ್ತಾರೆ, ಮತ್ತೆ ಮತ್ತೆ. ಪ್ರತಿ ಸಲವೂ ಮೂರು ಜನ ಒಟ್ಟಿಗೆ ಈ ಕಡೆಯಿಂದ ಆ ಕಡೆಗೆ ಹಾರಬೇಕು. ಗಾಳಿ ಬೆನ್ನಿಗೆ ಬಂದಾಗ ಎಲ್ಲ ತಿರುವುಮುರುವು, ಹಿಂದಿನವರೇ ಮುಂದಿನವರ ಗಾಳಿ ಕದಿಯುತ್ತಾರೆ. ಐದು ರೇಸ್ ಹೀಗೆ ಆಡಿ ಗೆಲ್ಲೋದು ಅದೃಷ್ಟದಿಂದ ಆಗಲ್ಲ.

ಶುಭಾ, ಒಲಿಂಪಿಕ್ಸ್ ಬಗ್ಗೆ ನೀವು ಕೇಳಿದ್ದು ನಿಜ. ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ ಅದು. ಮಹಿಳೆಯರ ಮ್ಯಾಚ್ ರೇಸಿಂಗ್ ಒಲಿಂಪಿಕ್ಸ್‌ನಲ್ಲಿ ಇದ್ದಿದ್ದು ಅದೊಂದೇ ಸಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಇರುವುದಿಲ್ಲ ಅಂತ 2011ರಲ್ಲೇ ತೀರ್ಮಾನ ಆಗಿಹೋಗಿತ್ತು, ಅಂದರೆ ವೇಮತ್‌ನಲ್ಲಿ ಮೊದಲ ರೇಸ್ ನಡೆಯುವ ಮುಂಚೆಯೇ! ಒಂದು ಸಲ ಆಡಿಸಿ, ನೋಡಿ, ಆಮೇಲೆ ತೆಗೆಯಬಹುದಿತ್ತು ಅಲ್ವಾ? ಆ ಗುಡ್ಡದ ಮೇಲೆ ಕೂತವರನ್ನು ಯಾರೂ ಕೇಳಲಿಲ್ಲ. ಮಹಿಳೆಯರಿಗೆ ಅದರ ಬದಲು ಫಾರ್ಟಿನೈನರ್ ಎಫ್‌ಎಕ್ಸ್ (49er FX) ಅನ್ನೋ ಇಬ್ಬರು ಓಡಿಸುವ ವೇಗದ ದೋಣಿ ಬಂತು. ಎಚೆಗೋಯೆನ್ ಅದಕ್ಕೂ ಹೋಗಿ 2016ರಲ್ಲಿ, 2020ರಲ್ಲಿ ವಿಶ್ವ ಚಾಂಪಿಯನ್ ಆದರು. ಅದೃಷ್ಟದ ಮಾತು ಹೇಳಿದವರು ಇದನ್ನೂ ನೋಡಬೇಕು.

ಬೋರ್ನ್‌ಮತ್_ನಿವಾಸಿ:

ಸರಿ ಗೀತಾ ಅವರೇ, ಆ ಮಾತು ವಾಪಸ್ ತಗೊಂಡೆ. ನನ್ನ ಕಣ್ಣಿಗೆ ಕಟ್ಟಿದ್ದು ಆ ಬಿದ್ದ ದೃಶ್ಯ, ಅದಕ್ಕೇ ಹಾಗೆ ಬರೆದೆ. ಆದರೆ ಫಾರ್ಟಿನೈನರ್ ಎಫ್‌ಎಕ್ಸ್ ಬಂದಿದ್ದು ಕೆಟ್ಟದ್ದು ಅಂತ ನನಗನ್ನಿಸಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ ವರ್ಷಾ ಗೌತಮ್, ಶ್ವೇತಾ ಶೇರ್ವೇಗಾರ್ ಬೆಳ್ಳಿ ತಂದಿದ್ದು ಅದೇ ದೋಣಿಯಲ್ಲಿ.

ಗೀತಾ_ಕುಂದಾಪುರ:

ಒಪ್ಪಿದೆ. ಎರಡೂ ಇರಬೇಕಿತ್ತು ಅನ್ನೋದಷ್ಟೇ ನನ್ನ ಮಾತು.

ಶುಭಾ ಅವರೇ, ನಿಮ್ಮ ಮಗಳಿಗೆ ಹೇಳಿ, ಒಲಿಂಪಿಕ್ಸ್ ಇಲ್ಲದಿದ್ದರೆ ಆಟವೇ ಇಲ್ಲ ಅಂತ ಅಲ್ಲ. ಮಹಿಳೆಯರ ಮ್ಯಾಚ್ ರೇಸಿಂಗ್ ವಿಶ್ವ ಚಾಂಪಿಯನ್‌ಷಿಪ್ 1999ರಲ್ಲಿ ಶುರುವಾಗಿದ್ದು, ಒಲಿಂಪಿಕ್ಸ್‌ಗಿಂತ ಹಳೆಯದು. ಫ್ರಾನ್ಸ್‌ನ ಕ್ಲೇರ್ ಲೆರುವಾ, ಬ್ರಿಟನ್‌ನ ಲೂಸಿ ಮೆಕ್‌ಗ್ರೆಗರ್, ಈಚೆಗೆ ಫ್ರಾನ್ಸ್‌ನದೇ ಪೋಲಿನ್ ಕೂರ್ಟುವಾ, ಇವರೆಲ್ಲ ಅಲ್ಲಿ ಗೆದ್ದವರು. ಸ್ವೀಡನ್‌ನ ಲೀಸೆಕಿಲ್‌ನಲ್ಲಿ ಮಹಿಳೆಯರಿಗೇ ಅಂತ ನಡೆದ ಸ್ಪರ್ಧೆಗಳನ್ನು ಜನ ದಡದ ಬಂಡೆಗಳ ಮೇಲೆ ಕೂತು ನೋಡಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಹಾಯಿದೋಣಿಯ ಹೆಸರಾಂತ ಸ್ಪರ್ಧೆ ಅಮೆರಿಕಾಸ್ ಕಪ್ ಮಹಿಳೆಯರಿಗೂ ಮೊದಲ ಸಲ ನಡೆಯಿತು. ಫೈನಲ್‌ನಲ್ಲಿ ಇಟಲಿಯ ಲೂನಾ ರೋಸ್ಸಾ ತಂಡ, ಬ್ರಿಟನ್‌ನ ಅಥೀನಾ ಪಾತ್‌ವೇ ತಂಡ, ಒಂದೇ ಒಂದು ಮ್ಯಾಚ್ ರೇಸ್, ಇಟಲಿ ಗೆದ್ದಿತು. ಅಲ್ಲಿ ಓಡಿದ ಎಸಿ40 ದೋಣಿಗಳು ನೀರಿನಿಂದ ಮೇಲೆದ್ದು ನೀರಿನಡಿಯ ರೆಕ್ಕೆಯ ಮೇಲೆ ಓಡುತ್ತವೆ, ಗಂಟೆಗೆ 60 ಕಿಲೋಮೀಟರ್ ದಾಟುತ್ತವೆ. ವೇಮತ್‌ನ ದೋಣಿ ಗಾಳಿಗೆದುರು ಹತ್ತು ಕಿಲೋಮೀಟರ್ ಆಸುಪಾಸು ಹೋಗುತ್ತಿತ್ತು. ವೇಗ ಅಷ್ಟು ಬದಲಾದರೂ ಆಟ ಅದೇ.

ಮಲ್ಪೆ_ಗಾಳಿ:

ಒಂದು ಮಾತು ಸೇರಿಸುತ್ತೇನೆ. ಕಲಿಯೋಕೆ ದೊಡ್ಡ ದೋಣಿ ಬೇಕಾಗಿಲ್ಲ. ಎರಡು ಆಪ್ಟಿಮಿಸ್ಟ್, ಗೆರೆಗೆ ಎರಡು ತೇಲುಬುರುಡೆ, ಕೈಯಲ್ಲೊಂದು ಗಡಿಯಾರ ಇದ್ದರೆ ಸಾಕು. ಕೋಚ್ ಹತ್ತಿರ ಕೇಳಿ ಶುರುವಿನ ನಾಲ್ಕು ನಿಮಿಷ ಮಾತ್ರ ಆಡಿಸಿ, ಪೂರ್ತಿ ರೇಸ್ ಬೇಡ. ಸುರಕ್ಷತಾ ದೋಣಿ ಪಕ್ಕದಲ್ಲೇ ಇರಲಿ, ಲೈಫ್ ಜಾಕೆಟ್ ತಪ್ಪಿಸಬೇಡಿ.

ಶುಭಾ_ಬೆಂಗಳೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ಬೆಳಿಗ್ಗೆ ಮಾಡಿ ನೋಡಿದೆವು. ಕೋಚ್ ಖುಷಿಯಿಂದಲೇ ಒಪ್ಪಿದರು. ಮಗಳ ದೋಣಿಗೆ ನನ್ನ ಹಳದಿ ದುಪಟ್ಟಾದ ಒಂದು ತುಂಡು, ಅವಳ ಗೆಳತಿಯದಕ್ಕೆ ನೀಲಿ ಟವೆಲ್‌ನ ತುಂಡು. ಐದು ಸಲ ಆಡಿದರು. ಮೊದಲ ಮೂರು ಸಲ ಇಬ್ಬರೂ ಗೆರೆ ಬಿಟ್ಟು ಎಲ್ಲೆಲ್ಲೋ ಹೋದರು. ನಾಲ್ಕನೇ ಸಲ ಇವಳು ನೇರ ಗೆಳತಿಯ ಮೇಲೇ ಹೋದಳು, ಇಬ್ಬರೂ ಮೂತಿ ಗಾಳಿಗೆ ಕೊಟ್ಟು ನಿಂತರು, ಹಾಯಿಗಳ ಪಟಪಟ ಸದ್ದು ನನಗೆ ದಡಕ್ಕೇ ಕೇಳಿಸುತ್ತಿತ್ತು. ಕೋಚ್ ಮೂವತ್ತು, ಇಪ್ಪತ್ತು, ಹತ್ತು ಅಂತ ಕೂಗುತ್ತಿದ್ದಾರೆ, ಇಬ್ಬರೂ ಅಲ್ಲಾಡುತ್ತಿಲ್ಲ. ಕೊನೆಗೆ ಗೆಳತಿ ಹೊರಳಿದಳು, ಇವಳು ಗೆರೆ ದಾಟಿದಳು.

ಮನೆಗೆ ಬರುವಾಗ ಆಟೋದಲ್ಲಿ ಒಂದು ಪ್ರಶ್ನೆ ಕೇಳಿದಳು, ಉತ್ತರ ನೀವೇ ಹೇಳಬೇಕು. ನೀಲಿ ಬಾವುಟ ಬಂದರೆ ದಾರಿಯ ಹಕ್ಕು ಇಲ್ಲ ಅಲ್ವಾ, ಆಗ ಒಳಗೆ ಬಂದ ತಕ್ಷಣ ಓಡಿ ತಪ್ಪಿಸಿಕೊಳ್ಳಬೇಕಾ, ಇಲ್ಲ ಎದುರು ಹೋಗಬೇಕಾ?

ಮಲ್ಪೆ_ಗಾಳಿ:

ಹಳದಿಯ ಮುಂದೆಯೇ ದಾಟಿ ಬಲಗಡೆಗೆ ಹೋಗಿಬಿಡುವಷ್ಟು ಜಾಗ ಇದ್ದರೆ ದಾಟಬೇಕು, ಆಗ ಹಳದಿಗೆ ಹಿಡಿಯೋಕೆ ಆಗಲ್ಲ. ಅದಕ್ಕೆ ಸರಿಯಾದ ಕ್ಷಣಕ್ಕೆ ಪೂರ್ತಿ ವೇಗದಲ್ಲಿ ಒಳಗೆ ಬರಬೇಕು. ಜಾಗ ಇಲ್ಲ ಅನ್ನಿಸಿದರೆ ಸುಮ್ನೆ ಆಸೆ ಪಡಬಾರದು, ಮೂತಿ ಗಾಳಿಗೆ ತಿರುಗಿಸಿ ಡಯಲ್ ಅಪ್‌ಗೆ ನಿಲ್ಲಬೇಕು. ಮುಂದಿನ ಭಾನುವಾರ ಬಾವುಟ ಅದಲುಬದಲು ಮಾಡಿ ಅವಳಿಗೆ ನೀಲಿ ಕೊಡಿ.